1973ರ ಯುದ್ಧ ಮತ್ತು ಜೋರ್ಡಾನ್ ದೊರೆ ಹುಸೇನ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಏಷ್ಯಾದ ಚರಿತ್ರೆ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೂ ಒಬ್ಬರು ಜೋರ್ಡಾನ್ ಸುದ್ದಿ ಎತ್ತುತ್ತಾರೆ. "ಸುತ್ತಲೂ ಬೆಂಕಿ ಬಿದ್ದಾಗ ಆ ದೊರೆ ಸುಮ್ನೆ ಕೂತಿದ್ದರಲ್ಲ?" ಅಂತ ಕೇಳುತ್ತಾರೆ. ಅವರು ಸುಮ್ನೆ ಕೂತಿರಲಿಲ್ಲ. ಯುದ್ಧಕ್ಕೆ ಇಳಿಯಬೇಕೋ ಬೇಡವೋ ಅನ್ನುವ ಒಂದೇ ಪ್ರಶ್ನೆ ಮೇಲೆ ಆ ಅಕ್ಟೋಬರಿನಲ್ಲಿ ಅಮ್ಮಾನ್, ಕೈರೋ, ಡಮಾಸ್ಕಸ್, ರಿಯಾದ್, ಲಂಡನ್, ವಾಷಿಂಗ್ಟನ್ ನಡುವೆ ಹಗಲು ರಾತ್ರಿ ಸಂದೇಶಗಳು ಓಡಾಡಿದವು. ಹೊರಗೆ ಉಳಿಯುವುದಕ್ಕೂ ಪ್ರತಿದಿನ ದುಡಿಯಬೇಕಾಯಿತು. ಮಾತಿನ ನಡುವೆ, ಪತ್ರಗಳಲ್ಲಿ ನನಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲಿಗೆ

ಇದು ಯಾವ ಯುದ್ಧ? ಎರಡು ಮಾತಲ್ಲಿ ಹೇಳಿ.

1973ರ ಅಕ್ಟೋಬರ್ 6ರ ಮಧ್ಯಾಹ್ನ ಈಜಿಪ್ಟ್ ಮತ್ತು ಸಿರಿಯಾ ಒಟ್ಟಿಗೆ ಇಸ್ರೇಲ್ ಮೇಲೆ ಬಿದ್ದವು. ಯಹೂದಿಗಳಿಗೆ ಅದು ಯೋಮ್ ಕಿಪ್ಪುರ್, ಉಪವಾಸದ ದಿನ. ಮುಸ್ಲಿಮರಿಗೆ ರಂಜಾನ್ ತಿಂಗಳ ಹತ್ತನೇ ದಿನ. ಈಜಿಪ್ಟ್ ಪಡೆ ಸೂಯೆಜ್ ಕಾಲುವೆ ದಾಟಿ ಸಿನಾಯ್‌ಗೆ ನುಗ್ಗಿತು. ಸಿರಿಯಾ ಪಡೆ ಗೋಲನ್ ಗುಡ್ಡಗಳನ್ನು ಏರಿತು. 1967ರಲ್ಲಿ ಕಳೆದುಕೊಂಡ ನೆಲವನ್ನು ಮರಳಿ ಪಡೆಯುವುದು ಇಬ್ಬರ ಗುರಿ. ಅದೇ 1967ರಲ್ಲಿ ಜೋರ್ಡಾನ್ ನದಿಯ ಪಶ್ಚಿಮ ದಂಡೆಯನ್ನೂ ಪೂರ್ವ ಜೆರುಸಲೇಮನ್ನೂ ಕಳೆದುಕೊಂಡ ಮೂರನೇ ದೇಶ ಜೋರ್ಡಾನ್. ಅದು ಮಾತ್ರ ಆ ದಿನ ಗುಂಡು ಹಾರಿಸಲಿಲ್ಲ.

ಜೋರ್ಡಾನ್ ನಿಜವಾಗ್ಲೂ ತಟಸ್ಥ ದೇಶ ಆಗಿತ್ತಾ?

ಕಾಗದದ ಮೇಲೆ ಇಲ್ಲ. ಇಸ್ರೇಲ್ ಜೊತೆ ಅದಕ್ಕೆ ಶಾಂತಿ ಒಪ್ಪಂದ ಇರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಎರಡೂ ಶತ್ರು ದೇಶಗಳೇ. ಆದರೆ ದಿನದ ಬದುಕು ಬೇರೆಯೇ ಇತ್ತು. 1967ರ ನಂತರ ಜೋರ್ಡಾನ್ ನದಿಯ ಸೇತುವೆಗಳ ಮೇಲೆ ಪಶ್ಚಿಮ ದಂಡೆಯ ತರಕಾರಿ, ಹಣ್ಣು ತುಂಬಿದ ಲಾರಿಗಳು ಅಮ್ಮಾನ್ ಮಾರುಕಟ್ಟೆಗೆ ಬರುತ್ತಿದ್ದವು. ನೆಂಟರು ಆಚೆ ಈಚೆ ಓಡಾಡುತ್ತಿದ್ದರು. ಎರಡೂ ಕಡೆಯ ನಾಯಕರು ಗುಟ್ಟಾಗಿ ಭೇಟಿಯಾಗುತ್ತಿದ್ದರು. ಹಾಗಾಗಿ ಇಲ್ಲಿ ತಟಸ್ಥ ಅಂದರೆ ಯುದ್ಧಕ್ಕೆ ಇಳಿಯದೆ ಉಳಿದ ದೇಶ ಅಂತ ಮಾತ್ರ ಅರ್ಥ ಮಾಡಿಕೊಳ್ಳಿ.

ಹುಸೇನ್ ಅಂದ್ರೆ ಸದ್ದಾಂ ಹುಸೇನಾ?

ಅಲ್ಲ. ಸದ್ದಾಂ ಇರಾಕಿನವರು. ಇವರು ಜೋರ್ಡಾನಿನ ಹಾಶಿಮಿ ಮನೆತನದ ದೊರೆ ಹುಸೇನ್ ಬಿನ್ ತಲಾಲ್. ಹುಟ್ಟಿದ್ದು 1935ರಲ್ಲಿ, ಪಟ್ಟಕ್ಕೆ ಬಂದದ್ದು 1952ರಲ್ಲಿ, ತೀರಿಕೊಂಡದ್ದು 1999ರಲ್ಲಿ. 1951ರ ಜುಲೈನಲ್ಲಿ ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯಲ್ಲಿ ಅವರ ಅಜ್ಜ ದೊರೆ ಅಬ್ದುಲ್ಲಾ ಅವರನ್ನು ಗುಂಡಿಟ್ಟು ಕೊಂದರು. ಪಕ್ಕದಲ್ಲೇ ಮೊಮ್ಮಗ ನಿಂತಿದ್ದ. ಆಗ ಅವನಿಗೆ 15 ವರ್ಷ. ಅಜ್ಜ ಇಸ್ರೇಲಿನವರ ಜೊತೆ ಗುಟ್ಟಾಗಿ ಮಾತುಕತೆ ನಡೆಸುತ್ತಿದ್ದಾರೆ ಅನ್ನುವ ಸಿಟ್ಟು ಆ ಕೊಲೆಯ ಹಿಂದೆ ಇತ್ತು. ಮುಂದೆ ಅದೇ ಹುಡುಗ ದೊರೆಯಾಗಿ ಅದೇ ತರದ ಮಾತುಕತೆಗೆ ಹೋಗುವಾಗ ಅದು ಎಂಥ ಅಪಾಯ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1967ರಲ್ಲಿ ಅಷ್ಟು ಬೇಗ ಇಳಿದವರು 1973ರಲ್ಲಿ ಯಾಕೆ ಹಿಂದೇಟು ಹಾಕಿದರು?

1967ರಲ್ಲಿ ಕೈ ಸುಟ್ಟುಕೊಂಡಿದ್ದರು, ಅದಕ್ಕೆ. ಆ ಕತೆ ಗೊತ್ತಿಲ್ಲದೆ 1973 ಅರ್ಥ ಆಗುವುದಿಲ್ಲ.

1967ರ ಮೇ 30ರಂದು ಹುಸೇನ್ ಕೈರೋಗೆ ಹಾರಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಜೊತೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದರು. ತಮ್ಮ ಸೇನೆಯ ಲಗಾಮನ್ನು ಅಬ್ದುಲ್ ಮುನಿಮ್ ರಿಯಾದ್ ಅನ್ನುವ ಈಜಿಪ್ಟ್ ಜನರಲ್ ಕೈಗೆ ಕೊಟ್ಟರು. ಜೂನ್ 5ರ ಬೆಳಿಗ್ಗೆ ಇಸ್ರೇಲಿ ವಿಮಾನಗಳು ಈಜಿಪ್ಟಿನ ವಾಯುಪಡೆಯನ್ನು ನೆಲದ ಮೇಲೇ ಸುಟ್ಟುಹಾಕಿದವು. ಆದರೆ ಅದೇ ಬೆಳಿಗ್ಗೆ ಕೈರೋದಿಂದ ಅಮ್ಮಾನಿಗೆ ಬಂದ ಸಂದೇಶ ಏನು ಗೊತ್ತಾ? ದಾಳಿ ಮಾಡಿದ ಇಸ್ರೇಲಿ ವಿಮಾನಗಳಲ್ಲಿ ಮುಕ್ಕಾಲು ಭಾಗ ನಾಶವಾಗಿವೆ ಅಂತ. ಹುಸೇನ್ ನಂಬಿದರು. ಅದೇ ಹೊತ್ತಿಗೆ ವಿಶ್ವಸಂಸ್ಥೆಯ ಜನರಲ್ ಆಡ್ ಬುಲ್ ಮೂಲಕ ಇಸ್ರೇಲಿನಿಂದ ಇನ್ನೊಂದು ಸಂದೇಶ ಬಂತು. ನೀವು ಸುಮ್ಮನಿದ್ದರೆ ನಾವೂ ನಿಮ್ಮ ತಂಟೆಗೆ ಬರುವುದಿಲ್ಲ ಅನ್ನುವುದು ಅದರ ಸಾರ. ಅಷ್ಟರಲ್ಲಿ ಜೋರ್ಡಾನಿನ ಫಿರಂಗಿಗಳು ಹಾರಿಸಲು ಶುರು ಮಾಡಿದ್ದವು.

ಮೂರು ದಿನದಲ್ಲಿ ಎಲ್ಲ ಮುಗಿಯಿತು. ವಾಯುಪಡೆ ಹೋಯಿತು, ಜೆರುಸಲೇಮ್ ಹೋಯಿತು, ಪಶ್ಚಿಮ ದಂಡೆ ಹೋಯಿತು. ಎರಡೂವರೆ ಲಕ್ಷದಷ್ಟು ಜನ ಗಂಟುಮೂಟೆ ಹೊತ್ತು ನದಿ ದಾಟಿ ಪೂರ್ವಕ್ಕೆ ಬಂದರು. ಬೇರೆಯವರ ಮಾತು ನಂಬಿ ಬೇರೆಯವರ ಕೈಗೆ ಸೇನೆ ಕೊಟ್ಟರೆ ಏನಾಗುತ್ತದೆ ಅಂತ ಆ ದೊರೆ ಮೂರೇ ದಿನದಲ್ಲಿ ಕಲಿತರು. 1973ರಲ್ಲಿ ಸಿರಿಯಾ ಅಧ್ಯಕ್ಷ ಅಸಾದ್, ಈಜಿಪ್ಟ್ ಅಧ್ಯಕ್ಷ ಸಾದಾತ್ ಅವರಿಂದ ಸಂದೇಶ ಬಂದಾಗೆಲ್ಲ ಅವರಿಗೆ ಆ ಜೂನ್ 5ರ ಬೆಳಿಗ್ಗೆ ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ.

ಈಜಿಪ್ಟ್, ಸಿರಿಯಾ ಅವರಿಗೆ ಸ್ನೇಹಿತರೇ ಅಲ್ವಾ? ನಂಬಿಕೆ ಯಾಕೆ ಇರಲಿಲ್ಲ?

ಸ್ನೇಹ ಹಳಸಿಹೋಗಿತ್ತು. 1970ರ ಸೆಪ್ಟೆಂಬರಿನಲ್ಲಿ ಹುಸೇನ್ ಸೇನೆಗೂ ಪ್ಯಾಲೆಸ್ತೀನಿ ಹೋರಾಟಗಾರರಿಗೂ ಜೋರ್ಡಾನ್ ಒಳಗೇ ದೊಡ್ಡ ಕಾಳಗ ನಡೆಯಿತು. ಆಗ ಸಿರಿಯಾದ ಟ್ಯಾಂಕುಗಳು ಗಡಿ ದಾಟಿ ಇರ್ಬಿದ್ ಪಟ್ಟಣದ ಕಡೆ ನುಗ್ಗಿದವು. ಅವುಗಳನ್ನು ತಡೆದು ನಿಂತ ಜೋರ್ಡಾನ್ ಪಡೆಗಳಲ್ಲಿ ಮುಖ್ಯವಾದದ್ದು 40ನೇ ಶಸ್ತ್ರಸಜ್ಜಿತ ಬ್ರಿಗೇಡ್, ಅಂದರೆ ಟ್ಯಾಂಕು ಪಡೆ. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. 1971ರಲ್ಲಿ ಸಿರಿಯಾ ಸಂಬಂಧ ಕಡಿದುಕೊಂಡು ಗಡಿ ಮುಚ್ಚಿತು. ಅದೇ ವರ್ಷ ನವೆಂಬರ್ 28ರಂದು ಜೋರ್ಡಾನ್ ಪ್ರಧಾನಿ ವಸ್ಫಿ ಅಲ್ ತಲ್ ಅವರನ್ನು ಕೈರೋದ ಹೋಟೆಲ್ ಬಾಗಿಲಲ್ಲಿ ಕೊಂದರು. 1972ರಲ್ಲಿ ಈಜಿಪ್ಟೂ ಸಂಬಂಧ ಮುರಿಯಿತು. ಕುವೈತ್ ಮತ್ತು ಲಿಬಿಯಾ ಕೊಡುತ್ತಿದ್ದ ಹಣವನ್ನು 1970ರ ಕಾಳಗದ ನಂತರ ನಿಲ್ಲಿಸಿದ್ದವು. ಸೌದಿ ಮಾತ್ರ ಕೈಬಿಡಲಿಲ್ಲ.

1973ರ ಸೆಪ್ಟೆಂಬರಿನಲ್ಲಿ ಕೈರೋದಲ್ಲಿ ಸಾದಾತ್, ಅಸಾದ್, ಹುಸೇನ್ ಮೂವರೂ ಕೂತು ಕೈಕುಲುಕಿ ರಾಜಿಯಾದರು. ಯುದ್ಧಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ.

## ಆ ದಿನಗಳು

ಯುದ್ಧ ಯಾವತ್ತು ಅಂತ ಅವರಿಗೆ ಮೊದಲೇ ಹೇಳಿದ್ದರಾ?

ಇಲ್ಲ. ಕೈರೋ ರಾಜಿಯಲ್ಲಿ ತಾರೀಖು ಹೇಳಲಿಲ್ಲ. ಯುದ್ಧ ಆದರೆ ಇಸ್ರೇಲ್ ಉತ್ತರ ಜೋರ್ಡಾನ್ ಮೂಲಕ ಬಳಸಿ ಸಿರಿಯಾದ ಬೆನ್ನಿಗೆ ಬೀಳದಂತೆ ನೋಡಿಕೊಳ್ಳುವುದು ಜೋರ್ಡಾನಿನ ಪಾಲಿನ ಕೆಲಸ ಅನ್ನುವ ಮಟ್ಟದಲ್ಲೇ ಮಾತು ನಿಂತಿತ್ತು. ಇದು ಮುಖ್ಯ ವಿಷಯ. ಗುಟ್ಟು ಹೇಳುವಷ್ಟು ನಂಬಿಕೆ ಇಲ್ಲದವರೇ, ಯುದ್ಧ ಶುರುವಾಗಿ ನಾಲ್ಕು ದಿನ ಕಳೆದ ಮೇಲೆ, ನಮ್ಮ ಜೊತೆ ಪ್ರಾಣ ಕೊಡಲು ಬನ್ನಿ ಅಂತ ಕರೆದರು.

ಯುದ್ಧಕ್ಕೆ ಮೊದಲು ಇಸ್ರೇಲ್ ಪ್ರಧಾನಿ ಗೋಲ್ಡಾ ಮೇಯರ್ ಅವರನ್ನು ಭೇಟಿಯಾಗಿ ಎಲ್ಲ ಹೇಳಿಬಿಟ್ಟರಂತೆ. ಅದು ದ್ರೋಹ ಅಲ್ವಾ?

ಭೇಟಿ ನಡೆದದ್ದು ನಿಜ. 1973ರ ಸೆಪ್ಟೆಂಬರ್ 25ರ ರಾತ್ರಿ, ಟೆಲ್ ಅವೀವ್ ಹತ್ತಿರ ಇಸ್ರೇಲಿನ ಗುಪ್ತಚರ ಸಂಸ್ಥೆ ಮೊಸಾದ್‌ನ ಅತಿಥಿಗೃಹದಲ್ಲಿ. ಹುಸೇನ್ ಜೊತೆ ಜೋರ್ಡಾನ್ ಪ್ರಧಾನಿ ಜೈದ್ ರಿಫಾಯಿ ಇದ್ದರು. ಸಿರಿಯಾ ಪಡೆಗಳು ದಾಳಿಗೆ ಹೊರಡುವ ಜಾಗಗಳಿಗೆ ಬಂದು ನಿಂತಿವೆ ಅಂತ ಹುಸೇನ್ ಹೇಳಿದರು. ಈಜಿಪ್ಟ್ ಇಲ್ಲದೆ ಸಿರಿಯಾ ಒಂಟಿಯಾಗಿ ಇಳಿಯುತ್ತದಾ ಅಂತ ಗೋಲ್ಡಾ ಕೇಳಿದರು. ಹಾಗೆ ಅನ್ನಿಸುವುದಿಲ್ಲ, ಇಬ್ಬರೂ ಕೂಡಿಯೇ ಇಳಿದಾರು ಅಂತ ಹುಸೇನ್ ಉತ್ತರ. ಮಾತು ಗುಟ್ಟಾಗಿ ಪಕ್ಕದ ಕೋಣೆಗೂ ಕೇಳುತ್ತಿತ್ತು. ಅಲ್ಲಿ ಕೂತು ಕೇಳುತ್ತಿದ್ದ ಇಸ್ರೇಲಿ ಸೇನಾ ಗುಪ್ತಚರ ಅಧಿಕಾರಿಯೊಬ್ಬರಿಗೆ ಇದು ಗಂಭೀರ ಅನ್ನಿಸಿತು. ಮೇಲಿನವರಿಗೆ ಅನ್ನಿಸಲಿಲ್ಲ. ಈಜಿಪ್ಟ್ ಈಗ ಯುದ್ಧ ಮಾಡುವುದಿಲ್ಲ ಅಂತ ಅವರು ಗಟ್ಟಿಯಾಗಿ ನಂಬಿ ಕೂತಿದ್ದರು. ಗೋಲನ್‌ಗೆ ಸ್ವಲ್ಪ ಟ್ಯಾಂಕು ಕಳಿಸಿದ್ದು ಬಿಟ್ಟರೆ ದೊಡ್ಡ ತಯಾರಿ ಆಗಲಿಲ್ಲ.

ದ್ರೋಹವಾ ಅಂದರೆ, ನನ್ನ ಅಭಿಪ್ರಾಯ ಹೇಳುತ್ತೇನೆ. ತಾರೀಖು ಅವರಿಗೇ ಗೊತ್ತಿರಲಿಲ್ಲ, ಹಾಗಾಗಿ ತಾರೀಖು ಹೇಳಿದರು ಅನ್ನುವ ಆರೋಪ ನಿಲ್ಲುವುದಿಲ್ಲ. ಆದರೆ ಹೇಳಿದ್ದು ಸಣ್ಣ ಮಾತೇನೂ ಅಲ್ಲ. ಇಸ್ರೇಲ್ ಎಚ್ಚೆತ್ತಿದ್ದರೆ ಗೋಲನ್‌ನಲ್ಲಿ ಇನ್ನೂ ಜಾಸ್ತಿ ಸಿರಿಯಾ ಸೈನಿಕರು ಸಾಯುತ್ತಿದ್ದರು. ಅದೂ ನಿಜ. ಇನ್ನೊಂದು ಯುದ್ಧ ಬಂದರೆ ತನ್ನ ದೇಶ ಉಳಿಯುವುದಿಲ್ಲ, ಹೇಗಾದರೂ ಅದನ್ನು ತಡೆಯಬೇಕು ಅನ್ನುವ ಭಯ ಆ ರಾತ್ರಿಯ ಪ್ರಯಾಣದ ಹಿಂದೆ ಇತ್ತು ಅಂತ ನಾನು ಓದುತ್ತೇನೆ. ಸತ್ತ ಸಿರಿಯಾ ಸೈನಿಕನ ಮನೆಯವರು ಹಾಗೆ ಓದದಿದ್ದರೆ ಅವರ ಮೇಲೆ ನನಗೆ ಬೇಸರ ಇಲ್ಲ.

ಯಾರ್ಯಾರು ಒತ್ತಡ ಹಾಕಿದರು?

ಎಲ್ಲರೂ. ಮೊದಲ ಎರಡು ಮೂರು ದಿನ ಅರಬ್ಬರು ಗೆಲ್ಲುತ್ತಿದ್ದರು, ಹಾಗಾಗಿ ಜೋರು ಕಮ್ಮಿ ಇತ್ತು. ಅಕ್ಟೋಬರ್ 10ರ ಹೊತ್ತಿಗೆ ಇಸ್ರೇಲ್ ಸಿರಿಯಾವನ್ನು ಹಳೆಯ ಗಡಿರೇಖೆಗೆ ತಳ್ಳಿತು. ಮರುದಿನ ಆ ರೇಖೆ ದಾಟಿ ಡಮಾಸ್ಕಸ್ ಕಡೆ ಹೊರಟಿತು. ಆಗ ಅಮ್ಮಾನಿನ ಅರಮನೆಗೆ ಉಸಿರಾಡಲು ಬಿಡುವಿರಲಿಲ್ಲ.

ಅಸಾದ್ ಕೇಳಿದ್ದು ಇಸ್ರೇಲಿನ ಉದ್ದದ ಗಡಿ ಮೇಲೆ ಮೂರನೇ ರಂಗ ತೆರೆಯಿರಿ ಅಂತ. ಸಾದಾತ್ ಕೂಡ ಒತ್ತಾಯಿಸಿದರು. ಸೌದಿ ದೊರೆ ಫೈಸಲ್ ಜೋರ್ಡಾನಿನಲ್ಲಿ 1967ರಿಂದ ಇದ್ದ ಸೌದಿ ಪಡೆಯನ್ನಾದರೂ ಸಿರಿಯಾಕ್ಕೆ ಕಳಿಸಿಕೊಡಿ ಅಂದರು. ಜೋರ್ಡಾನಿನ ಖಜಾನೆ ತುಂಬಿಸುತ್ತಿದ್ದ ದೊರೆಯ ಮಾತು ಅದು, ತಳ್ಳಿಹಾಕುವುದು ಸುಲಭ ಅಲ್ಲ. ಎಲ್ಲ ಅರಬ್ಬರೂ ಹೋರಾಟಕ್ಕೆ ಸೇರಬೇಕು ಅಂತ ಸೋವಿಯತ್ ರಾಜತಾಂತ್ರಿಕರು ಹೇಳಿ ಹೋದರು. ಪ್ಯಾಲೆಸ್ತೀನಿ ಸಂಘಟನೆ ತನ್ನ ಹೋರಾಟಗಾರರನ್ನು ಜೋರ್ಡಾನ್ ನೆಲದಿಂದ ದಾಳಿಗೆ ಬಿಡಿ ಅಂತ ಕೇಳಿತು. ಇದಕ್ಕೆ ಮಾತ್ರ ಹುಸೇನ್ ಖಡಾಖಂಡಿತವಾಗಿ ಇಲ್ಲ ಅಂದರು. 1970 ಮರುಕಳಿಸುವುದು ಅವರಿಗೆ ಬೇಡವಾಗಿತ್ತು.

ಇನ್ನೊಂದು ಕಡೆ ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಇದ್ದರು. ಆ ಹುದ್ದೆಗೆ ಬಂದು ಎರಡು ವಾರ ಅಷ್ಟೇ ಆಗಿತ್ತು. ಅಮ್ಮಾನಿನ ರಾಯಭಾರಿ ಡೀನ್ ಬ್ರೌನ್ ಮೂಲಕ ಅವರು ಪದೇ ಪದೇ ಹೇಳಿಸಿದ್ದು ಒಂದೇ ಮಾತು, ಇಳಿಯಬೇಡಿ. ಬ್ರಿಟನ್ ಪ್ರಧಾನಿ ಎಡ್ವರ್ಡ್ ಹೀತ್ ಅವರದೂ ಅದೇ ಮಾತು.

ಮೂರನೆಯ ಒತ್ತಡದ ಬಗ್ಗೆ ಜನ ಕೇಳುವುದೇ ಇಲ್ಲ. ಅದು ಮನೆಯೊಳಗಿನದು. ಅವರ ಸ್ವಂತ ಸೇನೆ. 1967ರ ಅವಮಾನ ಎದೆಯಲ್ಲಿ ಇಟ್ಟುಕೊಂಡಿದ್ದ ಅಧಿಕಾರಿಗಳಿಗೆ, ಪಕ್ಕದಲ್ಲಿ ಅರಬ್ಬರು ಹೋರಾಡುವಾಗ ಕೈಕಟ್ಟಿ ನಿಲ್ಲುವುದು ಸಹಿಸಲು ಆಗುತ್ತಿರಲಿಲ್ಲ. ಆ ಸೇನೆಯೇ ಹುಸೇನರ ಸಿಂಹಾಸನದ ಕಾಲು. ಅದು ಮುನಿಸಿಕೊಂಡರೆ ಉಳಿದವರ ಒತ್ತಡ ಲೆಕ್ಕಕ್ಕೇ ಇಲ್ಲ.

"ನಮ್ಮ ಹತ್ರ ವಿಮಾನ ಇಲ್ಲ" ಅಂದದ್ದು ಬರೀ ನೆಪ ಅಲ್ವಾ?

ನೆಪವೂ ಹೌದು, ನಿಜವೂ ಹೌದು. ನಿಜದ ಪಾಲೇ ಜಾಸ್ತಿ. ಸೂಯೆಜ್ ದಂಡೆಯಲ್ಲಿ ಈಜಿಪ್ಟ್ ಪಡೆ ಉಳಿದದ್ದು ಸೋವಿಯತ್ ಕ್ಷಿಪಣಿಗಳ ನೆರಳಿನಲ್ಲಿ. ಸಿರಿಯಾಕ್ಕೂ ಅಂಥ ಕ್ಷಿಪಣಿಗಳಿದ್ದವು. ಜೋರ್ಡಾನಿಗೆ ಅಂಥ ನೆರಳೇ ಇರಲಿಲ್ಲ, ವಾಯುಪಡೆ ಚಿಕ್ಕದು. 1967ರಲ್ಲಿ ಆಕಾಶದಿಂದ ಬಿದ್ದ ಬೆಂಕಿಯಲ್ಲಿ ಟ್ಯಾಂಕುಗಳು ರಸ್ತೆಯಲ್ಲೇ ಸುಟ್ಟುಹೋದದ್ದನ್ನು ಆ ಸೇನೆ ಕಣ್ಣಾರೆ ಕಂಡಿತ್ತು.

ಶತ್ರುವಿನ ಹತ್ರಾನೇ ಅನುಮತಿ ಕೇಳಿ ಯುದ್ಧಕ್ಕೆ ಹೋದರಂತೆ! ಹೀಗೂ ಉಂಟಾ?

ಅನುಮತಿ ಅನ್ನುವ ಪದ ಸ್ವಲ್ಪ ಜಾಸ್ತಿ ಆಯಿತು. ಆದರೆ ಸುತ್ತುಬಳಸಿ ಇಸ್ರೇಲಿಗೆ ಮುಂಚೆಯೇ ತಿಳಿಸಿದ್ದು ನಿಜ.

ಸಿರಿಯಾ ಕುಸಿಯುವ ಹಾಗೆ ಕಂಡಾಗ ಹುಸೇನ್ ಒಂದು ದಾರಿ ಹುಡುಕಿದರು. ಜೋರ್ಡಾನ್ ನದಿಯ ಉದ್ದಕ್ಕೂ ಗುಂಡು ಹಾರಿಸುವುದಿಲ್ಲ. ಬದಲಿಗೆ ಒಂದು ಬ್ರಿಗೇಡನ್ನು ಸಿರಿಯಾ ನೆಲಕ್ಕೆ ಕಳಿಸುತ್ತೇನೆ, ಅದು ಅಲ್ಲಿ ಹೋರಾಡಲಿ. ಕಳಿಸುವ ಮೊದಲೇ ಬ್ರಿಟನ್ ಮತ್ತು ಅಮೆರಿಕಕ್ಕೆ ತಿಳಿಸಿದರು. ಇದನ್ನೇ ನೆಪ ಮಾಡಿ ಇಸ್ರೇಲ್ ಜೋರ್ಡಾನ್ ಮೇಲೆ ಬೀಳದಂತೆ ನೋಡಿಕೊಳ್ಳಿ ಅನ್ನುವುದು ಬೇಡಿಕೆ. ಒಂದೆರಡು ದಿನ ತಡೆಯಿರಿ, ಅಷ್ಟರಲ್ಲಿ ಕದನವಿರಾಮ ಆದರೂ ಆಗಬಹುದು ಅಂತ ಕಿಸಿಂಜರ್ ಕೇಳಿಕೊಂಡರು. ವಾಷಿಂಗ್ಟನ್‌ನಲ್ಲಿದ್ದ ಇಸ್ರೇಲ್ ರಾಯಭಾರಿ ಸಿಮ್ಖಾ ದಿನಿತ್ಸ್ ಮೂಲಕ ಈ ಮಾತು ಇಸ್ರೇಲಿಗೆ ಮುಟ್ಟಿತು. ನಿಮ್ಮ ಬ್ರಿಗೇಡಿಗೆ ಏನೂ ಮಾಡುವುದಿಲ್ಲ ಅನ್ನುವ ಮಾತನ್ನು ಇಸ್ರೇಲ್ ಕೊಡಲಿಲ್ಲ. ರಣರಂಗಕ್ಕೆ ಬಂದವರ ಮೇಲೆ ಗುಂಡು ಹಾರಿಯೇ ಹಾರುತ್ತದೆ. ಆದರೆ ನದಿ ದಾಟಿ ಹೊಸ ರಂಗ ತೆರೆಯಲು ಅದಕ್ಕೂ ಮನಸ್ಸಿರಲಿಲ್ಲ.

ನನ್ನನ್ನು ತುಂಬ ಕಾಡಿದ ಪ್ರಸಂಗ ಇದು. ಮೇಲೆ ರಾಯಭಾರಿಗಳ ಕೋಣೆಗಳಲ್ಲಿ ಇದು ಜಾಣ ನಡೆ. ಕೆಳಗೆ ಟ್ಯಾಂಕಿನೊಳಗೆ ಕೂತ ಇಪ್ಪತ್ತರ ಹುಡುಗನಿಗೆ ಇದು ಯಾವುದೂ ಗೊತ್ತಿಲ್ಲ. ಅವನು ಹೋಗುತ್ತಿದ್ದದ್ದು ನಿಜವಾದ ಯುದ್ಧಕ್ಕೆ.

ಹೋಗೋದೇ ಆದ್ರೆ ತಮ್ಮ ಗಡಿಯಲ್ಲೇ ಹೋರಾಡಬಹುದಿತ್ತು. ಸಿರಿಯಾಕ್ಕೆ ಯಾಕೆ?

ಸಿರಿಯಾದಲ್ಲಿ ಹೋರಾಡಿದರೆ ಯುದ್ಧ ಸಿರಿಯಾದಲ್ಲೇ ಉಳಿಯುತ್ತದೆ. ಅಮ್ಮಾನಿನ ಮೇಲೆ ಬಾಂಬು ಬೀಳುವುದಿಲ್ಲ. ಅರಬ್ಬರ ಕಣ್ಣಲ್ಲಿ ಜೋರ್ಡಾನ್ ರಕ್ತ ಕೊಟ್ಟ ದೇಶ ಆಗುತ್ತದೆ. ಸ್ವಂತ ಸೇನೆಯ ಮಾನವೂ ಉಳಿಯುತ್ತದೆ. ಡಮಾಸ್ಕಸ್ ಬಿದ್ದರೆ ಇಸ್ರೇಲಿ ಪಡೆ ಜೋರ್ಡಾನಿನ ಉತ್ತರದ ಬಾಗಿಲಿಗೇ ಬಂದು ನಿಲ್ಲುತ್ತಿತ್ತು, ಆ ಭಯವೂ ಇತ್ತು.

ಆ 40ನೇ ಬ್ರಿಗೇಡ್ ಕೊನೆಗೆ ಏನಾಯ್ತು?

ಅಕ್ಟೋಬರ್ 13ರಂದು ಸಿರಿಯಾ ಗಡಿ ದಾಟಿತು. ಮೂರು ವರ್ಷದ ಹಿಂದೆ ಸಿರಿಯಾ ಟ್ಯಾಂಕುಗಳ ಎದುರು ನಿಂತಿದ್ದ ಅದೇ ಬ್ರಿಗೇಡ್. ಆಗ ಸಿರಿಯಾದ ರಕ್ಷಣಾ ಸಚಿವರಾಗಿದ್ದವರೂ ಅಸಾದ್, ಈಗ ಸಹಾಯಕ್ಕೆ ಕರೆದವರೂ ಅಸಾದ್. ಬ್ರಿಗೇಡಿನ ನಾಯಕರು ಖಾಲಿದ್ ಹಜ್‌ಹೂಜ್ ಅಲ್ ಮಜಾಲಿ. ಸುಮಾರು 150 ಟ್ಯಾಂಕುಗಳಿದ್ದವು.

ಇಲ್ಲೊಂದು ಸಣ್ಣ ವಿವರ ಹತ್ತಿರದಿಂದ ನೋಡಿ. ಸಿರಿಯಾ ಮತ್ತು ಅದರ ನೆರವಿಗೆ ಬಂದಿದ್ದ ಇರಾಕ್ ಪಡೆಗಳ ಟ್ಯಾಂಕು ಸೋವಿಯತ್‌ನವು. ತಗ್ಗು, ಗುಂಡನೆಯ ತಲೆ. ಜೋರ್ಡಾನಿನವರದು ಬ್ರಿಟಿಷ್ ಸೆಂಚೂರಿಯನ್. ಎತ್ತರ, ಚೌಕಟ್ಟಾದ ತಲೆ. ಗೋಲನ್‌ನಲ್ಲಿ ಇಸ್ರೇಲಿನವರು ಓಡಿಸುತ್ತಿದ್ದದ್ದೂ ಸೆಂಚೂರಿಯನ್ನೇ. ಧೂಳಿನ ನಡುವೆ ದೂರದಿಂದ ನೋಡಿದ ಇರಾಕಿ ಅಥವಾ ಸಿರಿಯಾ ಸೈನಿಕನಿಗೆ ಜೋರ್ಡಾನಿನವರು ಶತ್ರುಗಳ ಹಾಗೇ ಕಾಣುತ್ತಿದ್ದರು. ಸ್ವಂತ ಕಡೆಯವರ ಗುಂಡೂ ಅವರ ಮೇಲೆ ಬಿತ್ತು.

ಅಕ್ಟೋಬರ್ 16ರಂದು ಅವರು ಇರಾಕಿನವರ ಜೊತೆ ಸೇರಿ ದಾಳಿಗೆ ಹೊರಟರು. ಹೊಂದಾಣಿಕೆ ಇರಲಿಲ್ಲ, ಜೋರ್ಡಾನಿನವರು ಮುಂದೆ ಹೋದಾಗ ಬರಬೇಕಾದ ಬೆಂಬಲ ಹೊತ್ತಿಗೆ ಬರಲಿಲ್ಲ. ಇಸ್ರೇಲಿ ಬರಹಗಳ ಪ್ರಕಾರ ಇಪ್ಪತ್ತಕ್ಕೂ ಹೆಚ್ಚು ಜೋರ್ಡಾನ್ ಟ್ಯಾಂಕುಗಳು ಅಲ್ಲೇ ಉಳಿದವು. 19ರಂದು ಮತ್ತೆ ಪ್ರಯತ್ನಿಸಿದರು. 23ಕ್ಕೆ ಇನ್ನೊಂದು ದೊಡ್ಡ ದಾಳಿ ಗೊತ್ತುಮಾಡಿದ್ದರು, ಆದರೆ 22ರಂದು ಭದ್ರತಾ ಮಂಡಳಿ 338ನೇ ನಿರ್ಣಯದಲ್ಲಿ ಕದನವಿರಾಮಕ್ಕೆ ಕರೆ ಕೊಟ್ಟಿತು. ಆ ದಾಳಿ ನಡೆಯಲಿಲ್ಲ.

ಸಾಂಕೇತಿಕ ಪಡೆ ಅಂತ ಕೆಲವರು ಬರೆಯುತ್ತಾರೆ. ನನಗೆ ಆ ಪದ ಹಿಡಿಸುವುದಿಲ್ಲ. ಸತ್ತವರು ಸಂಕೇತಕ್ಕಾಗಿ ಸಾಯಲಿಲ್ಲ.

## ಸ್ವಲ್ಪ ಆಳಕ್ಕೆ

ಇಸ್ರೇಲ್ ಪೂರ್ತಿ ಬೇರೆ ಕಡೆ ಇತ್ತು. ಆಗಲೇ ನುಗ್ಗಿದ್ದರೆ ಜೆರುಸಲೇಮ್ ಸಿಗ್ತಿರಲಿಲ್ವಾ?

ಇದನ್ನು ಕೇಳುವವರ ಮಾತಿನಲ್ಲಿ ತೂಕ ಇದೆ. ಮೊದಲ ದಿನಗಳಲ್ಲಿ ಜೋರ್ಡಾನ್ ಗಡಿಯಲ್ಲಿ ಇಸ್ರೇಲಿ ಪಡೆ ತೀರ ತೆಳ್ಳಗಿತ್ತು. ಗೋಲನ್‌ನಲ್ಲಿ ಸಿರಿಯಾದ ಸುಮಾರು 1,400 ಟ್ಯಾಂಕುಗಳಿಗೆ ಎದುರಾಗಿ ಇಸ್ರೇಲಿನದು ಇನ್ನೂರೂ ಇರಲಿಲ್ಲ. ಆಗ ಮೂರನೇ ರಂಗ ತೆರೆದಿದ್ದರೆ ಇಸ್ರೇಲ್ ನಿಜವಾಗಿ ಒದ್ದಾಡುತ್ತಿತ್ತು.

ಆದರೆ ನೆಲವನ್ನು ನೋಡಿ. ಜೋರ್ಡಾನ್ ಕಣಿವೆ ಸಮುದ್ರಮಟ್ಟಕ್ಕಿಂತ ಇನ್ನೂರು, ಮುನ್ನೂರು ಮೀಟರ್ ಕೆಳಗೆ ಇದೆ. ಜೆರುಸಲೇಮ್ ಸಮುದ್ರಮಟ್ಟಕ್ಕಿಂತ ಏಳುನೂರೈವತ್ತು ಮೀಟರ್ ಮೇಲೆ. ಅಂದರೆ ಟ್ಯಾಂಕು ನದಿ ದಾಟಿ, ಬಟಾಬಯಲಲ್ಲಿ ಬಂದು, ಸಾವಿರ ಮೀಟರ್ ಘಾಟಿ ಹತ್ತಬೇಕು. ರಸ್ತೆಗಳು ಬೆರಳೆಣಿಕೆಯಷ್ಟು. ಮೇಲೆ ಶತ್ರುವಿನ ವಿಮಾನ. ಆ ಕಣಿವೆ ಎಂಥದ್ದು ಅಂತ ನಮ್ಮ ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಸವಾರರಿಗೂ ಗೊತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ, 1918ರ ಬೇಸಿಗೆಯಲ್ಲಿ, ಅವರು ಅಲ್ಲೇ ಧೂಳು, ಸೆಕೆ, ಮಲೇರಿಯಾ ನಡುವೆ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಆ ಕಡೆ ಹೋದಾಗ ನೋಡಿ.

ಮೊದಲ ಒಂದೆರಡು ದಿನ ನುಗ್ಗಿದ್ದರೆ ಸ್ವಲ್ಪ ನೆಲ ಸಿಗುತ್ತಿತ್ತೇನೋ. ಉಳಿಸಿಕೊಳ್ಳಲು ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಇಸ್ರೇಲ್ ಯಾಕೆ ಸುಮ್ಮನಿತ್ತು? ಜೋರ್ಡಾನ್ ಸೈನಿಕರು ಗುಂಡು ಹಾರಿಸುತ್ತಿದ್ದರಲ್ಲ?

ಅದಕ್ಕೂ ಮೂರನೇ ರಂಗ ಬೇಡವಾಗಿತ್ತು. ಒಂದೇ ಸಲ ಎರಡು ಕಡೆ ಹೋರಾಡಿ ಅದು ಏದುಸಿರು ಬಿಡುತ್ತಿತ್ತು. ಹುಸೇನ್ ಬಿದ್ದರೆ ಆ ಜಾಗಕ್ಕೆ ಬರುವವರು ಇನ್ನೂ ಕಠಿಣ ಆಗಿರುತ್ತಾರೆ ಅನ್ನುವುದೂ ಇಸ್ರೇಲಿಗೆ ಗೊತ್ತಿತ್ತು. ಶಸ್ತ್ರಾಸ್ತ್ರ ಕಳಿಸುತ್ತಿದ್ದ ಅಮೆರಿಕವೂ ಬೇಡ ಅಂದಿತ್ತು.

ಇಷ್ಟೆಲ್ಲ ಮಾಡಿ ಹೊರಗೆ ಉಳಿದರಲ್ಲ, ಲಾಭ ಏನಾಯ್ತು?

ದೇಶ ಉಳಿಯಿತು. ಅಮ್ಮಾನ್ ಉಳಿಯಿತು. ಪಶ್ಚಿಮ ದಂಡೆ ಮಾತ್ರ ಸಿಗಲಿಲ್ಲ.

ಯುದ್ಧ ಮುಗಿದ ಮೇಲೆ ಕಿಸಿಂಜರ್ ಸೇನೆಗಳನ್ನು ಬೇರ್ಪಡಿಸುವ ಒಪ್ಪಂದಗಳಿಗಾಗಿ ಊರಿಂದೂರಿಗೆ ಹಾರಾಡಿದರು. 1974ರ ಜನವರಿಯಲ್ಲಿ ಈಜಿಪ್ಟಿಗೆ ಒಪ್ಪಂದ ಆಯಿತು, ಸಿನಾಯ್‌ನಲ್ಲಿ ನೆಲ ಸಿಕ್ಕಿತು. ಮೇ ಕೊನೆಗೆ ಸಿರಿಯಾಕ್ಕೂ ಆಯಿತು, ಕುನೈತ್ರಾ ಪಟ್ಟಣ ಮರಳಿ ಬಂತು. 1973ರ ಡಿಸೆಂಬರಿನಲ್ಲಿ ಜಿನೀವಾ ಸಮ್ಮೇಳನಕ್ಕೆ ಸಿರಿಯಾ ಬಂದೇ ಇರಲಿಲ್ಲ, ಜೋರ್ಡಾನ್ ಬಂದು ಮರ್ಯಾದೆಯಿಂದ ಕೂತಿತ್ತು. ಆದರೂ ಜೋರ್ಡಾನಿಗೆ ಏನೂ ಇಲ್ಲ.

ಯಾಕೆ? ಬೇರ್ಪಡಿಸಲು ಜೋರ್ಡಾನ್ ನದಿಯಲ್ಲಿ ಸೇನೆಗಳು ಬಡಿದಾಡಿಯೇ ಇರಲಿಲ್ಲ. ನದಿಯಿಂದ ಸ್ವಲ್ಪ ಹಿಂದೆ ಸರಿಯಿರಿ, ಅಷ್ಟಾದರೂ ಮಾಡಿ ಅಂತ ಹುಸೇನ್ ಕೇಳಿದರು. ಇಸ್ರೇಲ್ ಒಪ್ಪಲಿಲ್ಲ. ಅಲ್ಲಿ ಅದಕ್ಕೆ ಅವಸರವೇ ಇರಲಿಲ್ಲ. ಕಿಸಿಂಜರ್ ಕೂಡ ಅದಕ್ಕಾಗಿ ಇಸ್ರೇಲಿನ ಕೈ ತಿರುಚಲಿಲ್ಲ. ಯುದ್ಧಕ್ಕೆ ಇಳಿಯಬೇಡಿ ಅಂತ ಹಗಲು ರಾತ್ರಿ ಸಂದೇಶ ಕಳಿಸಿದವರು ಇಳಿಯದೆ ಉಳಿದವರಿಗೆ ಕೊಡಬೇಕಾದ್ದನ್ನು ಕೊಡಲಿಲ್ಲ. ಇಡೀ ಕತೆಯಲ್ಲಿ ನನಗೆ ಹೆಚ್ಚು ಸಂಕಟ ಕೊಡುವ ಅನ್ಯಾಯ ಇದು. ಹೋರಾಡಿದವರಿಗೆ ನೆಲ, ತಾಳಿಕೊಂಡವರಿಗೆ ಖಾಲಿ ಕೈ ಅಂತಾದರೆ ಮುಂದಿನ ಸಲ ಯಾರು ತಾಳಿಕೊಳ್ಳುತ್ತಾರೆ?

1974ರ ಅಕ್ಟೋಬರ್ ಕೊನೆಗೆ ಮೊರಾಕೋದ ರಬಾತ್‌ನಲ್ಲಿ ಅರಬ್ ನಾಯಕರು ಸೇರಿದರು. ಪ್ಯಾಲೆಸ್ತೀನಿ ವಿಮೋಚನಾ ಸಂಘಟನೆಯೇ ಪ್ಯಾಲೆಸ್ತೀನಿಯರ ಏಕೈಕ ಪ್ರತಿನಿಧಿ ಅಂತ ತೀರ್ಮಾನಿಸಿದರು. ಪಶ್ಚಿಮ ದಂಡೆಯ ಪರವಾಗಿ ಮಾತಾಡುವ ಹಕ್ಕೂ ಹುಸೇನರ ಕೈ ತಪ್ಪಿತು. ಪ್ಯಾಲೆಸ್ತೀನಿಯರ ಕಡೆಯಿಂದ ನೋಡಿದರೆ ಅದು ಸರಿಯಾದ ತೀರ್ಮಾನ, ಅವರ ಮಾತನ್ನು ಅವರೇ ಆಡಬೇಕು. ಹುಸೇನರಿಗೆ ಅದು ದೊಡ್ಡ ಪೆಟ್ಟು. 1988ರ ಜುಲೈ 31ರಂದು ಪಶ್ಚಿಮ ದಂಡೆಯ ಆಡಳಿತ ಸಂಬಂಧವನ್ನು ಅವರೇ ಕಡಿದುಕೊಂಡರು. ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಆದದ್ದು 1994ರಲ್ಲಿ.

ಅಮೆರಿಕ ಆಮೇಲೆ ಕ್ಷಿಪಣಿ ಕೊಟ್ಟಿತಂತೆ?

ಕೊಟ್ಟಿತು, ಆದರೆ ಸತಾಯಿಸಿ. ಆಕಾಶ ಕಾಯಲು ಹುಸೇನ್ ಹಾಕ್ ಕ್ಷಿಪಣಿಗಳನ್ನು ಕೇಳಿದರು. 1975ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಗಲಾಟೆ ಆಯಿತು, ಇವು ಇಸ್ರೇಲ್ ಮೇಲೆ ತಿರುಗಬಹುದು ಅಂತ. ಕೊನೆಗೆ 14 ಬ್ಯಾಟರಿಗಳಿಗೆ, ಅಂದರೆ ಕ್ಷಿಪಣಿ ಹಾರಿಸುವ 14 ಘಟಕಗಳಿಗೆ, ಒಪ್ಪಿದರು. ಆದರೆ ಒಂದೇ ಜಾಗದಲ್ಲಿ ನಿಲ್ಲಿಸಬೇಕು, ಸೇನೆಯ ಜೊತೆ ಸಾಗಿಸಬಾರದು ಅನ್ನುವ ಷರತ್ತು ಹಾಕಿದರು. ದುಡ್ಡು ಸೌದಿಯದು.

1990-91ರಲ್ಲೂ ಜೋರ್ಡಾನ್ ಹೀಗೇ ಮಾಡಿತಲ್ಲ? ಅದಕ್ಕೂ ನಮಗೂ ಏನೋ ಸಂಬಂಧ ಇದೆ ಅಂತ ಕೇಳಿದ್ದೆ.

ಇದೆ, ನಮ್ಮ ಮನೆಗಳವರೆಗೂ ಬಂದ ಸಂಬಂಧ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಸದ್ದಾಂ ವಿರುದ್ಧದ ಒಕ್ಕೂಟಕ್ಕೆ ಸೇರಿ ಅಂತ ಹುಸೇನರ ಮೇಲೆ ಒತ್ತಡ ಬಂತು. ಅವರು ಸೇರಲಿಲ್ಲ, ಅರಬ್ಬರೇ ಕೂತು ಬಗೆಹರಿಸೋಣ ಅಂದರು. ಜೋರ್ಡಾನ್ ಬೀದಿಗಳಲ್ಲಿ ಜನ ಇರಾಕ್ ಪರ ಇದ್ದರು, ಎಣ್ಣೆಯೂ ವ್ಯಾಪಾರವೂ ಇರಾಕ್ ಜೊತೆ ಬೆಸೆದುಕೊಂಡಿತ್ತು. ಈ ಸಲ ಬೆಲೆ ತಕ್ಷಣವೇ ತೆರಬೇಕಾಯಿತು. ಕೊಲ್ಲಿ ದೇಶಗಳು ಹಣ ನಿಲ್ಲಿಸಿದವು, ಸೌದಿ ಎಣ್ಣೆ ನಿಲ್ಲಿಸಿತು. ಕುವೈತಿನಲ್ಲಿ ದುಡಿಯುತ್ತಿದ್ದ ಸುಮಾರು ಮೂರು ಲಕ್ಷ ಜನ, ಹೆಚ್ಚಾಗಿ ಪ್ಯಾಲೆಸ್ತೀನಿ ಮೂಲದವರು, ಕೆಲಸ ಕಳೆದುಕೊಂಡು ಜೋರ್ಡಾನಿಗೆ ಮರಳಿದರು.

ಆದರೆ ಆ ದೇಶ ಇರಾಕ್ ಕಡೆಯ ಗಡಿ ತೆರೆದೇ ಇಟ್ಟಿತು. ಕುವೈತಿನಲ್ಲಿ ಸಿಕ್ಕಿಬಿದ್ದ ಭಾರತೀಯರು ಬಸ್ಸುಗಳಲ್ಲಿ ಬಾಸ್ರಾ, ಬಾಗ್ದಾದ್ ದಾಟಿ, ಮರುಭೂಮಿಯ ಶಿಬಿರಗಳಲ್ಲಿ ನೀರಿಗೆ ಸಾಲು ನಿಂತು, ಅಮ್ಮಾನ್ ವಿಮಾನ ನಿಲ್ದಾಣ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬೈಗೆ ಬಂದರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಮನೆ ಸೇರಿದರು. ನಮ್ಮ ಕರಾವಳಿಯವರೂ ಅವರಲ್ಲಿ ಇದ್ದರು. ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಆ ದಾರಿಯಲ್ಲಿ ಬಂದವರು ಇದ್ದರೆ ಒಮ್ಮೆ ಕೂತು ಕೇಳಿ. ಅಮ್ಮಾನ್ ತಲುಪಿದ ದಿನದ ಬಗ್ಗೆ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.